ಐಎಸ್‌ಒ, ಸಿಎಂಎಂಐ, ಸ್ಕ್ರಮ್: ಮೂರೂ ಮನೆಯಲ್ಲಿ ಉಂಡವನ ಹೋಲಿಕೆ

ಮೈಸೂರಿನಲ್ಲಿ ಸಣ್ಣದೊಂದು ಸಾಫ್ಟ್‌ವೇರ್ ಕಂಪನಿ ನಡೆಸುವ ಗೆಳೆಯ ಹೋದ ತಿಂಗಳು ಫೋನ್ ಮಾಡಿದ್ದ. ಇಪ್ಪತ್ತೆರಡು ಜನರ ಕಂಪನಿ. "ಐಎಸ್‌ಒ ತಗೊಳ್ಳೋದಾ, ಸಿಎಂಎಂಐ ಮೂರನೇ ಲೆವೆಲ್‌ಗೆ ಹೋಗೋದಾ, ಇಲ್ಲ ಈಗಿನ ಹಾಗೇ ಸ್ಕ್ರಮ್ ಮಾಡ್ಕೊಂಡು ಇದ್ದುಬಿಡೋದಾ? ನೀನು ಮೂರೂ ಕಡೆ ಇದ್ದು ಬಂದವನಲ್ವಾ" ಅಂದ. ಇದ್ದು ಬಂದಿದ್ದೇನೆ, ನಿಜ. ಐಎಸ್‌ಒ 9001 ಎಂದರೆ ಯಾವ ಬಗೆಯ ಕಂಪನಿಯೂ ಪಡೆಯಬಹುದಾದ ಗುಣಮಟ್ಟದ ಪ್ರಮಾಣಪತ್ರ, ಸಿಎಂಎಂಐ ಎಂದರೆ ಸಾಫ್ಟ್‌ವೇರ್ ಮಾಡುವವರ ಕೆಲಸದ ಕ್ರಮವನ್ನು ಒಂದರಿಂದ ಐದರವರೆಗಿನ ಲೆವೆಲ್‌ಗಳಲ್ಲಿ ಅಳೆಯುವ ಮಾದರಿ, ಸ್ಕ್ರಮ್ ಎಂದರೆ ಸಣ್ಣ ತಂಡ ಕೆಲವೇ ವಾರಗಳ ಕಂತುಗಳಲ್ಲಿ ಕೆಲಸ ಮುಗಿಸುತ್ತ ಹೋಗುವ ಪದ್ಧತಿ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ನೆಟ್ಟಗೆ ಮಾಡಿ ಬರೆಯುತ್ತಿದ್ದೇನೆ.

2002ರಲ್ಲಿ ನಾನು ಸೇರಿದ ಮೊದಲ ಕಂಪನಿ ರಾಜಾಜಿನಗರದ ಒಂದು ಮಹಡಿ ಮನೆಯಲ್ಲಿತ್ತು. ಐಎಸ್‌ಒ 9001ರ 1994ರ ಆವೃತ್ತಿಯಿಂದ 2000ದ ಆವೃತ್ತಿಗೆ ದಾಟುವ ಗಡಿಬಿಡಿಯ ಕಾಲ ಅದು, 2003ರ ಡಿಸೆಂಬರ್ ಗಡುವು. ಹಳೆಯ ಆವೃತ್ತಿಯ ಇಪ್ಪತ್ತು ಕಲಮುಗಳಿಗೂ ಕಾರ್ಖಾನೆಯ ಎಣ್ಣೆ ವಾಸನೆ. ದಾಸ್ತಾನು, ಪ್ಯಾಕಿಂಗ್, ರವಾನೆಗೇ ಒಂದು ಕಲಮು. ಸಾಫ್ಟ್‌ವೇರ್‌ನವರು ಅದಕ್ಕೇನು ಬರೆಯಬೇಕು? 'ಸಿಡಿಯನ್ನು ಗೀರು ಬೀಳದಂತೆ ಕವರಿನಲ್ಲಿಟ್ಟು ಕಳಿಸತಕ್ಕದ್ದು' ಅಂತ ನಮ್ಮವರು ಬರೆದಿದ್ದರು. ನಗಬೇಡಿ, ಆಡಿಟರ್ ಆ ಕವರು ತೋರಿಸಿ ಅಂತ ಕೇಳಿದ್ದರು.

ಐಎಸ್‌ಒ ಆಡಿಟಿನ ಜೀವಾಳ ಒಂದೇ ಪ್ರಶ್ನೆ: ಬರೆದುಕೊಂಡ ಹಾಗೆ ನಡೆದುಕೊಂಡಿದ್ದೀರಾ? ಬರೆದುಕೊಂಡದ್ದು ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂಬ ಗೋಜಿಗೆ ನಾನು ಕಂಡ ಆಡಿಟರ್‌ಗಳು ಹೋದದ್ದು ಕಡಿಮೆ. ಹಾಗಾಗಿ ಜಾಣರು ಕಡಿಮೆ ಬರೆಯುತ್ತಾರೆ. ನಾವು ಜಾಣರಾಗಿರಲಿಲ್ಲ. ಆಡಿಟಿನ ಹಿಂದಿನ ರಾತ್ರಿ ಹನ್ನೊಂದರವರೆಗೆ ಕೂತು, ಆರು ತಿಂಗಳಿನ ರಿವ್ಯೂ ಮೀಟಿಂಗುಗಳ ಮಿನಿಟ್ಸ್ ಬರೆದೆವು. ಅನುಮಾನ ಬರಬಾರದೆಂದು ಬೇರೆ ಬೇರೆ ಪೆನ್ನು. ಅದರಲ್ಲೊಂದು ಮೀಟಿಂಗು ಯುಗಾದಿ ಹಬ್ಬದ ದಿನವೇ ನಡೆದಂತೆ ದಾಖಲಾಗಿತ್ತು. ಯಾರ ಪುಣ್ಯವೋ, ಆಡಿಟರ್ ಗಮನಿಸಲಿಲ್ಲ.

ಆದರೂ ಆ ಕಂಪನಿಯಲ್ಲಿದ್ದ ದೂರಿನ ರಿಜಿಸ್ಟರ್‌ನಂಥದ್ದು ಆಮೇಲೆ ನನಗೆ ಎಲ್ಲೂ ಸಿಗಲಿಲ್ಲ. ಉದ್ದನೆಯ ಹಸಿರು ಪುಸ್ತಕ. ಗ್ರಾಹಕರು ಫೋನಿನಲ್ಲಿ ಬೈದರೂ ಅದಕ್ಕೊಂದು ನಂಬರು ಬೀಳುತ್ತಿತ್ತು, ಸಹಿ ಇಲ್ಲದೆ ಮುಚ್ಚುವಂತಿರಲಿಲ್ಲ.

2006ರಲ್ಲಿ ಔಟರ್ ರಿಂಗ್ ರೋಡಿನ ದೊಡ್ಡದೊಂದು ಸೇವಾ ಕಂಪನಿಗೆ ಹೋದೆ. ಸಿಎಂಎಂಐ ಐದನೇ ಲೆವೆಲ್ ಎಂದು ಗೇಟಿನಲ್ಲೇ ಬೋರ್ಡು. ಈ ಅಳತೆಗೋಲು ಹುಟ್ಟಿದ್ದು ಕೊಳ್ಳುವವರ ಅನುಕೂಲಕ್ಕೆ. ಯಾವ ಗುತ್ತಿಗೆದಾರರನ್ನು ನಂಬಿ ಸಾಫ್ಟ್‌ವೇರ್ ಬರೆಸಬೇಕು ಎಂಬುದು ಅಮೆರಿಕದ ರಕ್ಷಣಾ ಇಲಾಖೆಯ ತಲೆನೋವಾಗಿತ್ತು. ಅದರ ಹಣದಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ನಡೆಯುತ್ತಿದ್ದ ಸಂಸ್ಥೆಯಲ್ಲಿ, ಐಬಿಎಂನಿಂದ ಬಂದ ವಾಟ್ಸ್ ಹಂಫ್ರಿ ಇದಕ್ಕೆ ತಳಪಾಯ ಹಾಕಿದರು. ಬೆಂಗಳೂರಿಗೆ ಇದರ ನಂಟು ಹಳೆಯದು. ಜಗತ್ತಿನಲ್ಲಿ ಐದನೇ ಲೆವೆಲ್ ಮುಟ್ಟಿದ ಮೊದಮೊದಲ ತಂಡಗಳಲ್ಲಿ, 1990ರ ದಶಕದಲ್ಲಿ, ಮೋಟೊರೋಲಾದ ಬೆಂಗಳೂರು ಘಟಕವೂ ಇತ್ತು. ಆಮೇಲೆ ಇಲ್ಲಿ ಅದೊಂದು ಪೈಪೋಟಿಯೇ ಆಗಿಹೋಯಿತು.

ಐಎಸ್‌ಒಗೂ ಇದಕ್ಕೂ ಇರುವ ವ್ಯತ್ಯಾಸ ಮೊದಲ ವಾರದಲ್ಲೇ ಗೊತ್ತಾಯಿತು. ಇಲ್ಲಿ ಪಾಸು ಫೇಲು ಅಂತಿಲ್ಲ, ಮೆಟ್ಟಿಲುಗಳಿವೆ. 2010ರಲ್ಲಿ ಬಂದ 1.3ನೇ ಆವೃತ್ತಿಯಲ್ಲಿ ಡೆವಲಪ್‌ಮೆಂಟ್‌ಗೆಂದೇ 22 ಪ್ರೊಸೆಸ್ ಏರಿಯಾಗಳಿದ್ದವು, ಅಂದರೆ ಶಿಸ್ತಿಗೆ ತರಬೇಕಾದ ಕೆಲಸದ ವಿಭಾಗಗಳು. ಎರಡನೇ ಮೆಟ್ಟಿಲಿಗೆ ಏಳು: ರಿಕ್ವೈರ್‌ಮೆಂಟ್ (ಗ್ರಾಹಕರ ಬೇಡಿಕೆ) ಯಾರು ಬದಲಿಸಿದರು, ಯಾವ ಫೈಲಿನ ಯಾವ ವರ್ಷನ್ ಯಾರ ಹತ್ತಿರ ಹೋಯಿತು ಎಂಬಂಥ ಸಂಸಾರದ ಲೆಕ್ಕಗಳು. ನನ್ನ ಮಟ್ಟಿಗೆ ಇಡೀ ಮಾದರಿಯಲ್ಲಿ ಕೊಟ್ಟ ಕಾಸಿಗೆ ಮೋಸವಿಲ್ಲದ ಭಾಗ ಇದೇ. ಮೂರನೆಯದರಲ್ಲಿ ಇನ್ನೂ ಹನ್ನೊಂದು ಸೇರಿಕೊಳ್ಳುತ್ತಿದ್ದವು, ಇಪ್ಪತ್ತು ಜನರ ಕಂಪನಿಗೆ ಅದು ಭಾರವೇ.

ನಾಲ್ಕು ಮತ್ತು ಐದರಲ್ಲಿ ಅಂಕಿಸಂಖ್ಯೆ ಶುರು. ಅಲ್ಲಿನ ಒಂದು ಮಧ್ಯಾಹ್ನ ನನಗಿನ್ನೂ ಮರೆತಿಲ್ಲ. ಜೂನಿಯರ್ ಒಬ್ಬ ಬರೆದ ಮಾಡ್ಯೂಲಿನ (ಸಾಫ್ಟ್‌ವೇರಿನ ಒಂದು ಭಾಗ) ಕೋಡ್ ರಿವ್ಯೂ ಮಾಡಿ 14 ದೋಷ ಹಾಕಿದ್ದೆ. ಹಾಕಿದ ಹತ್ತು ನಿಮಿಷಕ್ಕೆ ಕ್ವಾಲಿಟಿ ವಿಭಾಗದ ಮೇಡಂ ನನ್ನ ಸೀಟಿನ ಹತ್ತಿರ ಬಂದರು. ದೋಷಗಳ ಸಂಖ್ಯೆ ಮಾಮೂಲಿ ಮಿತಿಯೊಳಗಿದೆಯೇ ಎಂದು ತೋರಿಸುವ ಕಂಟ್ರೋಲ್ ಚಾರ್ಟಿನಲ್ಲಿ ಆ ಮಾಡ್ಯೂಲಿನ ಚುಕ್ಕೆ ಮೇಲಿನ ಗೆರೆ ದಾಟಿ ಕೂತಿತ್ತು. "ಹೊರಗೆ ಹೋದ್ರೆ ಕಾರಣ ಬರೀಬೇಕಾಗತ್ತೆ ಸರ್, ಆ್ಯಕ್ಷನ್ ಪ್ಲಾನ್ ಕೊಡ್ಬೇಕು. ಸಣ್ಣಪುಟ್ಟದ್ದೆಲ್ಲ ಸೇರಿಸಿ ಒಂದೇ ಅಂತ ಹಾಕಿಬಿಡಿ." ನಾನೂ ಹಾಕಿದೆ, 14 ಇದ್ದದ್ದು 9 ಆಯಿತು. ಚುಕ್ಕೆ ಗೆರೆಯೊಳಗೆ ಬಂದು ತಣ್ಣಗೆ ಕೂತಿತು. ಆ ಚಾರ್ಟು ಇದ್ದದ್ದೇ ಇಂಥ ಮಾಡ್ಯೂಲನ್ನು ಎತ್ತಿ ತೋರಿಸಲಿಕ್ಕೆ. ಗ್ರಾಹಕರ ಪರೀಕ್ಷೆಯಲ್ಲಿ ಮೊದಲು ಕುಸಿದದ್ದೂ ಅದೇ ಮಾಡ್ಯೂಲು. ಮೇಡಂ ಮೇಲೆ ನನಗೆ ಸಿಟ್ಟಿಲ್ಲ, ಕಂಪನಿಯ ಲೆವೆಲ್ ನಿರ್ಧರಿಸುವ ಮೌಲ್ಯಮಾಪನಕ್ಕೆ ಆರು ವಾರ ಉಳಿದಿತ್ತು. (ಅದಕ್ಕೂ 'ಅಪ್ರೈಸಲ್' ಎಂದೇ ಹೆಸರು. ಸಂಬಳ ಏರುತ್ತದೆಂದು ಖುಷಿಪಟ್ಟ ಹೊಸಬರನ್ನು ಪ್ರತಿ ಸಲ ನೋಡಿದ್ದೇನೆ.)

ಗ್ರಾಹಕರಾಗಿ ಕೊಳ್ಳುವವರಿಗೆ ಒಂದು ಮಾತು. ಈ ಲೆವೆಲ್ ಸಿಗುವುದು ಮೌಲ್ಯಮಾಪನಕ್ಕೆ ಒಳಗಾದ ಘಟಕಕ್ಕೆ ಮಾತ್ರ, ಅದೂ ಮೂರು ವರ್ಷಕ್ಕೆ. ಬೋರ್ಡು ನೋಡಿ ಮರುಳಾಗುವ ಬದಲು ಯಾವ ಘಟಕ, ಯಾವ ತಾರೀಖು ಅಂತ ಕೇಳಿ.

2015ರಲ್ಲಿ ಎಲ್ಲ ಬಿಟ್ಟು ಒಂಬತ್ತು ಜನರ ಸ್ಟಾರ್ಟಪ್ ಸೇರಿದೆ. ವಿತರಕರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್, ಕೆಲಸ ಸ್ಕ್ರಮ್ ಪದ್ಧತಿಯಲ್ಲಿ, ಎರಡು ವಾರದ ಸ್ಪ್ರಿಂಟು, ಅಂದರೆ ಕಂತು. ಕೋಡ್ ಸೇರಿಸಿದ ಕೂಡಲೇ ಅದನ್ನು ಪರೀಕ್ಷಿಸುವ ಟೆಸ್ಟುಗಳು ತಾವಾಗಿ ಓಡುತ್ತವೆ, ತಪ್ಪಿದ್ದು ಕೆಂಪು ಬಂದರೆ ಬಿಲ್ಡ್ (ಸಾಫ್ಟ್‌ವೇರ್ ಸಿದ್ಧವಾಗುವ ಹಂತ) ಮುಂದೆ ಹೋಗುವುದಿಲ್ಲ. ಮೊದಲ ತಿಂಗಳು ಸ್ವರ್ಗ ಅನಿಸಿತು. ಮಿನಿಟ್ಸ್ ಇಲ್ಲ, ಪೆನ್ನು ಬದಲಿಸಬೇಕಿಲ್ಲ, ಯಂತ್ರಕ್ಕೆ ಯುಗಾದಿಯೂ ಇಲ್ಲ.

2017ರ ಜುಲೈಯಲ್ಲಿ ಜಿಎಸ್‌ಟಿ ಬಂತು. ₹33.40ರ ಸರಕಿಗೆ ಶೇ. 5ರಂತೆ ತೆರಿಗೆ ₹1.67. ಕೇಂದ್ರಕ್ಕೆ ಅರ್ಧ, ರಾಜ್ಯಕ್ಕೆ ಅರ್ಧ ಎಂದರೆ ತಲಾ 83.5 ಪೈಸೆ. ಎರಡನ್ನೂ ಬೇರೆಬೇರೆಯಾಗಿ ರೌಂಡ್ ಮಾಡಿದರೆ 84 ಮತ್ತು 84, ಒಟ್ಟು ₹1.68. "ಒಂದು ಪೈಸೆ ಅಂತ ನಗ್ಬೇಡಿ ಸಾರ್, ನಮ್ ಆಡಿಟರ್ ಬಿಡಂಗಿಲ್ಲ" ಅಂತ ದಾವಣಗೆರೆಯಿಂದ ಗ್ರಾಹಕರ ಫೋನು. ಸರಿ ಮಾಡಿ ಟೆಸ್ಟ್ ಬರೆದೆವು. ನಾಲ್ಕು ತಿಂಗಳಿಗೆ ಅದೇ ಒಂದು ಪೈಸೆ ವಾಪಸ್ಸು. ಹೊಸ ಹುಡುಗ ಬಿಲ್ಲಿನ ಭಾಗ ತಿರುಗಿ ಬರೆದಿದ್ದ, ಟೆಸ್ಟ್ ಕೆಂಪಾಗಿತ್ತು, ಶುಕ್ರವಾರ ಸಂಜೆ ರಿಲೀಸು. ಟೆಸ್ಟನ್ನೇ ಸ್ಕಿಪ್ ಮಾಡಿ ಹಸಿರು ಮಾಡಿದ್ದ. ಸ್ಪ್ರಿಂಟಿನ ಕೊನೆಯ ಮಾತುಕತೆಯಲ್ಲಿ 'ಟೆಸ್ಟ್ ಸ್ಕಿಪ್ ಮಾಡಬಾರದು' ಎಂದು ಹಳದಿ ಚೀಟಿ ಅಂಟಿಸಿದೆವು. ಚೀಟಿ ಫ್ಯಾನ್ ಗಾಳಿಗೆ ಬಿತ್ತು, ಅದೇ ಬಗ್ಗು (ಕೋಡಿನ ದೋಷ) ಮೂರನೇ ಸಲ ಬಂತು.

ಆಗ ನಾನು ತೆಗೆದದ್ದು ಸಿಎಂಎಂಐ ಐದನೇ ಲೆವೆಲ್‌ನ ಮೂಲಕಾರಣ ಹುಡುಕುವ ಹಾಳೆ. ಹಿಂದಿನ ಕಂಪನಿಯಲ್ಲಿ ಅದೇ ಹಾಳೆಗೆ 'ಗಮನ ಸಾಲದು' ಎಂದು ಗೀಚಿ ಕೈತೊಳೆದುಕೊಳ್ಳುತ್ತಿದ್ದವನು ನಾನು! ಈ ಸಲ ಹಿಂದಿನ 31 ಬಗ್ಗುಗಳನ್ನು ಒಂದೊಂದಾಗಿ ಎತ್ತಿ ಕೂತೆವು. ಹನ್ನೆರಡು ರೌಂಡಿಂಗಿನವೇ. ಒಂದೇ ಲೆಕ್ಕವನ್ನು ಐದು ಜಾಗದಲ್ಲಿ ಐದು ರೀತಿ ಬರೆದಿಟ್ಟಿದ್ದೆವು. ಎಲ್ಲವನ್ನೂ ಒಂದು ಫಂಕ್ಷನ್ನಿಗೆ, ಅಂದರೆ ಕೋಡಿನ ಒಂದೇ ತುಣುಕಿಗೆ, ತಂದ ಮೇಲೆ ದಾವಣಗೆರೆಯಿಂದ ಆ ವಿಷಯಕ್ಕೆ ಫೋನು ಬಂದಿಲ್ಲ. ಅಂಕಿ ನೋಡಿ ಬೋರ್ಡು ಕೊಡುವವರು ಯಾರೂ ಅಲ್ಲಿರಲಿಲ್ಲ, ಹಾಗಾಗಿ 31 ಅನ್ನು 20 ಮಾಡುವ ಗರಜೂ ನಮಗಿರಲಿಲ್ಲ.

ಗೆಳೆಯನಿಗೆ ಕೊನೆಗೆ ಹೇಳಿದ್ದಿಷ್ಟು. ಟೆಂಡರಿನಲ್ಲಿ ಕೇಳಿದ್ದರೆ ಕೇಳಿದ್ದನ್ನು ತಗೋ, ಅದು ವ್ಯಾಪಾರ. ಕೇಳಿಲ್ಲದಿದ್ದರೆ ಸ್ಕ್ರಮ್ ಬಿಡಬೇಡ, ಅದರೊಳಗೆ ಆ ಎರಡನೇ ಮೆಟ್ಟಿಲಿನ ಲೆಕ್ಕಗಳನ್ನೂ ಒಂದು ಹಸಿರು ಪುಸ್ತಕವನ್ನೂ ಸೇರಿಸಿಕೋ. "ಮೊದಲು ಇದು ಹೇಳು, ನಿನ್ನ ಯಾವ ಗ್ರಾಹಕರ ಹತ್ರ ಈಗ ಯಾವ ವರ್ಷನ್ ಓಡ್ತಿದೆ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಹುಡುಗರನ್ನ ಕೇಳಿ ಸೋಮವಾರ ಹೇಳ್ತೀನಿ ಕಣೋ" ಅಂದ. ನಾಲ್ಕು ಸೋಮವಾರ ಆಯಿತು.