ಹಳೆ ಡಿ-50 ಡೋಜರ್, ಆರು ವರ್ಷದ ಮೇಲೆ: ಎಂಜಿನ್ ಕೇಳಿದ್ದು ಸಾಕು, ಗಾಡಿ ಕೆಳಗೆ ತೂರಿ ನೋಡಿ

ಆರು ವರ್ಷದ ಹಿಂದೆ ಬೆಮೆಲ್ ಕಂಪನಿಯ ಹಳೆ ಡಿ-50 ಡೋಜರ್ (ಚೈನ್ ಮೇಲೆ ಓಡಿ ಮುಂದಿನ ಬ್ಲೇಡಿನಿಂದ ಮಣ್ಣು ತಳ್ಳುವ ಗಾಡಿ) ಒಂದನ್ನು ಕೊಂಡೆ. ಕೆಜಿಎಫ್‌ನಲ್ಲಿ ತಯಾರಾದದ್ದು, ಮೂಲ ವಿನ್ಯಾಸ ಜಪಾನಿನ ಕೊಮಾಟ್ಸುದು. ಮೂಡಿಗೆರೆ ಕಡೆ ಕಾಫಿ ತೋಟದ ರಸ್ತೆ ಕಡಿಯುವುದು, ಗದ್ದೆ ಮಟ್ಟ ಮಾಡುವುದು ನನ್ನ ಕೆಲಸ. ಜೆಸಿಬಿ ಇರುವಾಗ ಇದ್ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಒದ್ದೆ ಇಳಿಜಾರಿನಲ್ಲಿ ಟೈರು ಸುಮ್ನೆ ತಿರುಗುವ ಕಡೆ ಚೈನ್ ಗಾಡಿ ಹತ್ತುತ್ತದೆ. ಅದಕ್ಕೆ.

ಕೊಳ್ಳುವಾಗ ಎಂಜಿನ್ ಶಬ್ದ ಕೇಳಿದೆ, ಹೊಗೆ ನೋಡಿದೆ, ಚೈನಿನ ಸವೆತ ನೋಡಿದೆ. ಗಾಡಿ ಕೆಳಗೆ ತೂರಿ ಎಣ್ಣೆ ಬಿಡುವ ಪ್ಲಗ್ ಬಿಚ್ಚಲಿಲ್ಲ. ಎರಡು ಮಳೆಗಾಲ ಗಾಡಿ ಬಯಲಲ್ಲೇ ನಿಂತಿತ್ತು ಅಂತ ಗೊತ್ತಾದದ್ದು ದುಡ್ಡು ಕೊಟ್ಟ ಮೇಲೆ.

ಮನೆಗೆ ತಂದ ವಾರ ಎಡಗಡೆ ಫೈನಲ್ ಡ್ರೈವ್‌ಗೆ (ಚೈನ್ ತಿರುಗಿಸುವ ಕೊನೆಯ ಗೇರ್ ಪೆಟ್ಟಿಗೆ) ಎಣ್ಣೆ ಹಾಕುವ ಪ್ಲಗ್ ಬಿಚ್ಚಿ ಕಡ್ಡಿ ಇಳಿಸಿದೆ. ಮೇಲೆತ್ತಿದರೆ ಹಾಲು ಜಾಸ್ತಿಯಾದ ಕಾಫಿ ಬಣ್ಣ. ಎಣ್ಣೆ ಮತ್ತು ನೀರು ಗೇರಿನಲ್ಲಿ ಕಡೆದರೆ ಹೀಗೇ ಆಗುವುದು. ಮಳೆಯೊಂದೇ ಕಾರಣ ಅಲ್ಲ. ಕೆಲಸ ಮಾಡಿ ಬಿಸಿಯಾದ ಗಾಡಿಯನ್ನು ಹಳ್ಳಕ್ಕೆ ಇಳಿಸಿದರೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಬ್ರೀದರ್ (ಒಳಗಿನ ಗಾಳಿ ಆಡುವ ತೂತು) ಕೆಸರು ಕಟ್ಟಿ, ಎಣ್ಣೆ ತಡೆಯುವ ಸೀಲು ಸವೆದಿದ್ದರೆ ಆ ಸೀಲಿನ ದಾರಿಯಲ್ಲಿ ನೀರು ಎಳೆದುಕೊಳ್ಳುತ್ತದೆ. ನನ್ನ ಗಾಡಿಯಲ್ಲಿ ಎರಡೂ ಆಗಿತ್ತು.

ಆಗ ಸಿಕ್ಕಿದ ಗಾಡಿ ರಿಪೇರಿ ಮೇಸ್ತ್ರಿ ಮೊದಲೇ ಹೇಳಿದ್ದರು, “ಅಣ್ಣಾ, ಮೇಲಿನದು ಬಿಚ್ಚದೆ ಕೆಳಗಿನದು ಮುಟ್ಟಬೇಡಿ.” ಮೇಲಿನದು ಎಣ್ಣೆ ಹಾಕುವ ಪ್ಲಗ್, ಕೆಳಗಿನದು ಬಿಡುವ ಪ್ಲಗ್. ಕೆಳಗಿನದು ಬಿಚ್ಚಿ ಇದ್ದಬದ್ದ ಎಣ್ಣೆ ಸುರಿದು, ಆಮೇಲೆ ಮೇಲಿನದು ಅಲುಗಲೇ ಇಲ್ಲ ಅಂದರೆ ಗಾಡಿ ಅಲ್ಲೇ ಉಳಿಯಿತು ಅಂತಲೇ ಲೆಕ್ಕ, ಅಲ್ವಾ?

ಕೆಳಗಿನದು ನಿಜಕ್ಕೂ ಅಲುಗಲಿಲ್ಲ. ಚೌಕ ತೂತಿನ ಪ್ಲಗ್. ಹಿಂದೆ ಯಾರೋ ಸರಿಯಿಲ್ಲದ ರಾಡ್ ಹಾಕಿ ತೂತಿನ ಮೂಲೆಯೆಲ್ಲ ತಿಂದಿದ್ದರು. ತುಕ್ಕು ಬಿಡಿಸುವ ಸ್ಪ್ರೇ ಮೂರು ದಿನ ಹೊಡೆದೆ. ಪವರ್ ಸ್ಟೀರಿಂಗ್ ಎಣ್ಣೆಗೆ ಅಸಿಟೋನ್ ಬೆರೆಸಿ ಹಚ್ಚಿದೆ. ರಾಡಿಗೆ ನಾಲ್ಕಡಿ ಪೈಪ್ ಸಿಕ್ಕಿಸಿ ಎಳೆದರೆ ಮೂಲೆ ಇನ್ನಷ್ಟು ಹೋಯಿತು ಅಷ್ಟೇ. ಈ ಎಳೆದಾಟಕ್ಕೆ ನನ್ನ ಅಂಕ ಸೊನ್ನೆ.

ಮೇಸ್ತ್ರಿ ಬಂದವರು ಮೊದಲು ಕೈಪಂಪಿನಿಂದ ಮೇಲಿನ ತೂತಿನಲ್ಲೇ ಆದಷ್ಟು ಎಣ್ಣೆ ಎಳೆದರು. ಮೇಲಿನ ಪ್ಲಗ್ ತೆಗೆದೇ ಇಟ್ಟರು. ಒಳಗೆ ನೀರು ಎಣ್ಣೆ ತುಂಬಿ ಬಾಯಿ ಮುಚ್ಚಿದ್ದಾಗ ಬೆಂಕಿ ತೋರಿಸುವುದು ಸಾವಿನ ಕೆಲಸ. ಮೊದಲು ಸ್ಪ್ರೇ, ಅಸಿಟೋನ್ ಎಲ್ಲ ಒರೆಸಿಸಿದರು. ಬ್ಯಾಟರಿ ವೈರ್ ಬಿಚ್ಚಿ, ಪ್ಲಗ್ ಮೇಲೆ ದಪ್ಪ ನಟ್ ಇಟ್ಟು ವೆಲ್ಡ್ ಮಾಡಿಸಿದರು. ಬಿಸಿ ಇರುವಾಗಲೇ ಅಂಚಿಗೆ ಮೇಣದ ಬತ್ತಿ ಒತ್ತಿದರು. ಮೇಣ ಕರಗಿ ಥ್ರೆಡ್ಡಿಗೆ ಇಳಿಯಿತು. ಆಮೇಲೆ ಬಿಚ್ಚುವ ಬದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡಿದರು! ತುಕ್ಕಿನ ಹಿಡಿತ ಮುರಿಯಲಿಕ್ಕಂತೆ. ಟಕ್ ಅಂದಿತು. ನಂತರ ಕೈಯಲ್ಲೇ ತಿರುಗಿತು.

ಪಂಪು ತಳ ಮುಟ್ಟಿರಲಿಲ್ಲ. ಮೊದಲು ಬಂದದ್ದು ಸುಮಾರು ಎರಡು ಲೀಟರ್ ಕೆಂಪು ನೀರು, ಹಿಂದೆಯೇ ಮಡ್ಡಿ. ನೀರು ಎಣ್ಣೆಗಿಂತ ಭಾರ, ತಳಕ್ಕಿಳಿದು ಪ್ಲಗ್ ಮೇಲೇ ಕೂತಿತ್ತು. ಹಾಗಾಗಿ ಮೊದಲ ಸಲ ರಾತ್ರಿಯಿಡೀ ನಿಲ್ಲಿಸಿ ತಣ್ಣಗೆ ಬಿಚ್ಚಬೇಕು. ಸಾಮಾನ್ಯ ಆಯಿಲ್ ಚೇಂಜಿಗೆ ಮಾತ್ರ ಬಿಸಿ ಇರುವಾಗ ಬಿಡುವುದು ಸರಿ. ಅಗ್ಗದ ಎಣ್ಣೆ ಹಾಕಿ, ಲೋಡ್ ಇಲ್ಲದೆ ಸ್ವಲ್ಪ ದೂರ ನಿಧಾನ ಓಡಿಸಿ, ಮತ್ತೆ ಬಿಟ್ಟೆ. ಮೂರು ಸಲ ಮಾಡಿದ ಮೇಲೆ ಬಣ್ಣ ತಿಳಿಯಾಯಿತು. ಹಳೆ ಎಣ್ಣೆಯನ್ನು ಡ್ರಮ್ಮಿಗೆ ಹಾಕಿ ಕೊಟ್ಟೆ. ನಮ್ಮಲ್ಲಿ ಬೇಲಿ ಕಂಬಕ್ಕೆ ಗೆದ್ದಲು ಬಾರದಿರಲಿ ಅಂತ ಬಳಿಯುವವರು ಜಾಸ್ತಿ. ಹಳ್ಳದ ಪಕ್ಕದ ತೋಟದಲ್ಲಿ ಅದು ಬೇಡ ಅನ್ನಿಸಿತು.

ಸೀಲು ಬದಲಾಯಿಸಿದ ಖರ್ಚೇ ದೊಡ್ಡದು, ಚೈನ್ ಬಿಚ್ಚಬೇಕಲ್ಲ. ಹಳೆ ಪ್ಲಗ್ ಬದಲು ಹೊರಗೆ ಆರು ಮೂಲೆ ತಲೆ ಇರುವ ಪ್ಲಗ್ ಹಾಕಿಸಿದೆ, ಥ್ರೆಡ್ಡಿಗೆ ತಾಮ್ರದ ಗ್ರೀಸು. ಈಗ ಪ್ರತಿ ಮಳೆಗಾಲ ಮುಗಿದ ಮೇಲೆ ತಣ್ಣಗಿರುವಾಗ ಸ್ವಲ್ಪ ಸಡಿಲಿಸಿ ನೋಡುತ್ತೇನೆ. ನೀರು ಬಂದರೆ ಗೊತ್ತಾಗುತ್ತದೆ, ಪ್ಲಗ್ಗೂ ಕಚ್ಚಿಕೊಳ್ಳುವುದಿಲ್ಲ.

ಗಾಡಿ? ಚೆನ್ನಾಗಿದೆ. ಡೀಸೆಲ್ ಕುಡಿಯುತ್ತದೆ, ಸಾಗಿಸಲು ಲಾರಿ ಬೇಕು, ಆದರೆ ಹಾಕಿದ ದುಡ್ಡು ಮೂರನೇ ವರ್ಷಕ್ಕೇ ಬಂತು. ಕೊಳ್ಳುವವರು ಸ್ಪ್ಯಾನರ್ ಜೊತೆಗೇ ಒಯ್ಯಿರಿ. ಅಡಿಯ ಪ್ಲಗ್ ಬಿಚ್ಚಲು ಮಾಲೀಕರು ಒಪ್ಪದಿದ್ದರೆ ಕಾಫಿ ಕುಡಿದು ವಾಪಸ್ ಬನ್ನಿ. ಬಲಗಡೆಯ ಸೀಲು ನಾನಿನ್ನೂ ಬದಲಾಯಿಸಿಲ್ಲ, ದಿನಕ್ಕೆ ನಾಲ್ಕೈದು ಹನಿ ಜಿನುಗುತ್ತದೆ. ಶೆಡ್ಡಿನಲ್ಲಿ ಅದರ ಕೆಳಗೊಂದು ತೆಂಗಿನ ಚಿಪ್ಪು ಇಟ್ಟಿದ್ದೇನೆ.