ಬಂದರಿನ ಬಡ್ಡಿ ಇಲ್ಲದ ಸೊಸೈಟಿ: ಸಾಲ ತೀರಿಸಿದ ಮೇಲೆ ಬರೆದದ್ದು

ಮಂಗಳೂರಿನ ಕುದ್ರೋಳಿಯಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ. ಕಳೆದ ವರ್ಷ ಓವರ್‌ಲಾಕ್ ಮೆಷಿನ್‌ಗೆ 30,000 ರೂಪಾಯಿ ಬೇಕಿತ್ತು. ಪಕ್ಕದ ಫ್ಯಾನ್ಸಿ ಅಂಗಡಿಯ ಅಕ್ಕ ಬಂದರಿನ ಈ ಬಡ್ಡಿ ಇಲ್ಲದ ಸೊಸೈಟಿಗೆ ಕರೆದುಕೊಂಡು ಬಂದರು. ಇಸ್ಲಾಮಿನಲ್ಲಿ ಬಡ್ಡಿ ನಿಷಿದ್ಧ ಅಲ್ವಾ, ಹಾಗಾಗಿ ಮುಸ್ಲಿಮರಿಗೆ ಮಾತ್ರ ಅಂದುಕೊಂಡಿದ್ದೆ, ಹಾಗೇನೂ ಇಲ್ಲ.

ಬೆಂಡೋಲೆ ಅಡವಿಟ್ಟೆ. ತಿಂಗಳಿಗೆ 3,000, ಹತ್ತು ಕಂತು. ಜೊತೆಗೆ ಖರ್ಚು ಅಂತ 250 ರೂಪಾಯಿ. 'ಇದೂ ಬಡ್ಡಿಯೇ ಅಲ್ವಾ?' ಅಂತ ಕೇಳಿಯೇಬಿಟ್ಟೆ. ಕೌಂಟರಿನ ಹಾಜಿಯವರು ನಕ್ಕರು. 'ಕಾಗದದ್ದು, ಚಿನ್ನ ನೋಡುವವನ ಕೂಲಿ. ನೀವು ತಡ ಮಾಡಿದರೂ ಬೆಳೆಯುವುದಿಲ್ಲ.'

ಬೆಳೆಯುವ ಸಾಲ ನನಗೆ ಗೊತ್ತು. ಮೊದಲು ಒಬ್ಬರ ಹತ್ತಿರ ವಾರದ ಸಾಲ ಮಾಡಿದ್ದೆ. ಬರೆಸಿಕೊಂಡದ್ದು 10,000, ಕೈಗೆ ಬಂದದ್ದು 9,000. ವಾರಕ್ಕೆ ಸಾವಿರ, ತಪ್ಪಿದರೆ ದಂಡ. ದಂಡ ಕಟ್ಟಲು ಇನ್ನೊಂದು ಕಡೆ ಸಾಲ.

ಆಟಿಯಲ್ಲಿ, ಅಂದರೆ ನಮ್ಮ ತುಳುನಾಡಿನ ಆಷಾಢದಲ್ಲಿ, ಮದುವೆ ಇಲ್ಲ, ರವಿಕೆ ಹೊಲಿಸಲು ಯಾರು ಬರುತ್ತಾರೆ? ಇಲ್ಲಿಯೂ ಒಂದು ಕಂತು ತಪ್ಪಿತು. ಹೆದರುತ್ತಲೇ ಹೋದೆ. ಸಾಲ ಪಡೆದವನು ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಸಮಯ ಕೊಡಿ, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಅಂತ ಕುರ್‌ಆನಿನ ಎರಡನೇ ಅಧ್ಯಾಯದ 280ನೇ ವಚನದಲ್ಲಿದೆಯಂತೆ. 'ಹಾಗಂತ ಮನ್ನಾ ಅಂದುಕೊಳ್ಳಬೇಡಿ ತಂಗಿ' ಅಂತಲೂ ಹಾಜಿಯವರು ಸೇರಿಸಿದರು!

ವ್ಯಾಪಾರದ ಲಾಭ ಸರಿ, ಬಡ್ಡಿ ಯಾಕೆ ತಪ್ಪು ಅಂತ ಕೇಳಿದೆ. 'ವ್ಯಾಪಾರದಲ್ಲಿ ಹಣ ಹಾಕಿದವನಿಗೂ ನಷ್ಟದ ಭಯ ಇದೆ. ಬಡ್ಡಿಯಲ್ಲಿ ನಿಮ್ಮ ಮೆಷಿನ್ ಕೆಟ್ಟು ನಿಂತರೂ ಅವನ ಗಂಟು ಬೆಳೆಯುತ್ತಾ ಇರುತ್ತದೆ.' ಪೈಗಂಬರ್ ಮುಹಮ್ಮದರ ಕಾಲದ ಅರಬ್ಬರಲ್ಲಿ ಗಡುವು ತಪ್ಪಿದರೆ ಸಾಲ ದುಪ್ಪಟ್ಟಾಗುತ್ತಿತ್ತಂತೆ. 632ರಲ್ಲಿ ತಮ್ಮ ಕೊನೆಯ ಹಜ್ಜಿನ ಭಾಷಣದಲ್ಲಿ ಪೈಗಂಬರರು ಹಳೆಯ ಬಡ್ಡಿಯನ್ನೆಲ್ಲ ರದ್ದು ಮಾಡಿದರು. ಮೊದಲು ರದ್ದಾದದ್ದು ಅವರ ಸ್ವಂತ ಚಿಕ್ಕಪ್ಪ ಅಬ್ಬಾಸರಿಗೆ ಬರಬೇಕಿದ್ದ ಬಡ್ಡಿ. ಮನೆಯಿಂದಲೇ ಶುರು ಮಾಡಿದ್ದು ನನಗೆ ಹಿಡಿಸಿತು.

ತೊಂದರೆಯೂ ಇದೆ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ, ನಾನು ಎರಡು ಸಲ ಸುಮ್ನೆ ಹೋಗಿ ಬಂದೆ. ಇಬ್ಬರು ಜಾಮೀನುದಾರರು ಬೇಕು. ಉಳಿತಾಯ ಇಟ್ಟರೆ ನಮಗೂ ಒಂದು ಪೈಸೆ ಬಡ್ಡಿ ಬರುವುದಿಲ್ಲ, ಹಾಗಾಗಿ ಇಡುವವರು ಕಡಿಮೆ, ಕೇಳುವವರು ಜಾಸ್ತಿ. ನಿಜ ಹೇಳಬೇಕೆಂದರೆ ನನ್ನ ಎಫ್‌ಡಿ ಕೂಡ ಬ್ಯಾಂಕಿನಲ್ಲೇ ಇದೆ.

ಬೆಂಡೋಲೆ ವಾಪಸ್ ಬಂತು. ಈಗ ಮಗಳ ಕಾಲೇಜಿಗೆ ಮತ್ತೆ ಅರ್ಜಿ ಹಾಕಿದ್ದೇನೆ. ಪಟ್ಟಿಯಲ್ಲಿ ನಾನು 17ನೆಯವಳು.