ಎಲ್‌ಎಲ್‌ಆರ್ ಪರೀಕ್ಷೆಗೆ ಓದುತ್ತಿದ್ದೀರಾ? ಆ ಹಳೆಯ ತಂತ್ರಾಂಶವನ್ನು ಮುಟ್ಟಬೇಡಿ

ಉಡುಪಿ, ಮಂಗಳೂರು ಕಡೆ ಎಲ್‌ಎಲ್‌ಆರ್‌ಗೆ, ಅಂದರೆ ವಾಹನ ಕಲಿಯುವವರ ಪರವಾನಗಿಗೆ, ಅರ್ಜಿ ಹಾಕಿ ಕುಳಿತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಯಾರಾದರೂ ಪೆನ್ ಡ್ರೈವ್ ಕೈಗಿಟ್ಟು, ಇದೊಂದನ್ನು ಓದಿದರೆ ಸಾಕು ಎಂದರೆ, ಒಳಗಿರುವುದು ಯಾವ ವರ್ಷದ ತಂತ್ರಾಂಶ ಎಂದು ಕೇಳಿ. ಸರಿಯಾದ ಉತ್ತರ ಬಾರದಿದ್ದರೆ ಅಲ್ಲಿಂದಲೇ ಎದ್ದು ಬನ್ನಿ.

ನನ್ನ ಅಕ್ಕನ ಮಗಳಿಗೆ ಮಣಿಪಾಲದಲ್ಲಿ ಕೆಲಸ, ಮನೆ ಕಾಪುವಿನಲ್ಲಿ. ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಬಸ್ ಇರುವುದಿಲ್ಲ, ಹಾಗಾಗಿ ಸ್ಕೂಟರ್ ಬೇಕೇ ಬೇಕು. ಅರ್ಜಿ ತುಂಬಲು ಹೋದ ಅಂಗಡಿಯಲ್ಲಿ ಅವಳಿಗೆ ಈ ಅಭ್ಯಾಸ ತಂತ್ರಾಂಶವನ್ನು 300 ರೂಪಾಯಿಗೆ ಮಾರಿದರು. ಎಲ್‌ಎಲ್‌ಆರ್‌ಗೆ ಸರ್ಕಾರಿ ಶುಲ್ಕ 150, ಪರೀಕ್ಷೆಗೆ 50. ಅಂದರೆ ಪರೀಕ್ಷೆಗಿಂತ ಅದರ ತಯಾರಿಯೇ ದುಬಾರಿ!

ಮನೆಗೆ ತಂದು ಹಾಕಿದರೆ ಮೊದಲ ಪರದೆಯಲ್ಲೇ ಸೂಚನೆ: ಆಂಟಿವೈರಸ್ ಆಫ್ ಮಾಡಿ. ಮಾಡಿದ್ದಾಯಿತು. ವಿಡಿಯೊ ಪಾಠಗಳ ಜಾಗದಲ್ಲಿ ಬರಿ ಬೂದು ಚೌಕ. ಅವು ಫ್ಲ್ಯಾಶ್ ಎಂಬ ಹಳೆಯ ವಿಡಿಯೊ ತಂತ್ರಜ್ಞಾನದಲ್ಲಿ ಮಾಡಿದ ಪಾಠಗಳು. ಫ್ಲ್ಯಾಶ್ ಪ್ಲೇಯರ್‌ಗೆ ಅಡೋಬಿ ಕಂಪನಿಯೇ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿದೆ. ಅಂಗಡಿಗೆ ಫೋನ್ ಮಾಡಿದರೆ ಹಳೆಯ ಪ್ಲೇಯರ್‌ನ ಇನ್ನೊಂದು ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರು. ಅದನ್ನು ಹಾಕಿದ ಮೇಲೆ ಬ್ರೌಸರ್ ತೆರೆದಾಗಲೆಲ್ಲ ರಮ್ಮಿ ಜಾಹೀರಾತು.

ಇದೆಲ್ಲ ಹಾಳಾಗಲಿ, ಪಾಠವಾದರೂ ಸರಿಯಿತ್ತೇ? ಚಿತ್ರಗಳನ್ನು ನಾನೇ ಕುಳಿತು ನೋಡಿದೆ. ಹಳೆಯ ಚೌಕ ಪರದೆಗೆ ಬರೆದ ಚಿಹ್ನೆಗಳು ಲ್ಯಾಪ್‌ಟಾಪ್‌ನ ಅಗಲ ಪರದೆಯಲ್ಲಿ ಹಿಗ್ಗಿ ಮೊಟ್ಟೆಯಾಗಿದ್ದವು. ವಾಹನ ನಿಲುಗಡೆ ನಿಷೇಧಕ್ಕೆ ನೀಲಿ ವೃತ್ತದ ಮೇಲೆ ಒಂದು ಕೆಂಪು ಅಡ್ಡಗೆರೆ. ಕ್ಷಣಕಾಲವೂ ನಿಲ್ಲಿಸಬಾರದು ಎನ್ನುವುದಕ್ಕೆ ಎರಡು ಗೆರೆ, ಒಂದರ ಮೇಲೊಂದು ಕತ್ತರಿಯಾಗಿ. ಆ ಮಸುಕು ಚಿತ್ರದಲ್ಲಿ ಎರಡೂ ಒಂದೇ ನೀಲಿ ಮುದ್ದೆ.

ಉತ್ತರಗಳ ಕಥೆ ಇದಕ್ಕಿಂತ ಕೆಟ್ಟದ್ದು. ಕುಡಿದು ವಾಹನ ಓಡಿಸಿ ಮೊದಲ ಸಲ ಸಿಕ್ಕಿಬಿದ್ದರೆ ದಂಡ 2,000 ಎಂದು ಒತ್ತಿದರೆ ಹಸಿರು ಗುರುತು, ಜೊತೆಗೆ ಚಪ್ಪಾಳೆಯ ಸದ್ದು. ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದು, ಆ ಮೊತ್ತ 10,000 ಆಗಿದೆ. ಪರವಾನಗಿ ಇಲ್ಲದೆ ಓಡಿಸಿದರೆ 500 ಎಂದು ಕಲಿಸುತ್ತದೆ, ಕಾಯ್ದೆಯಲ್ಲಿರುವುದು 5,000. ಪರವಾನಗಿ ಇಪ್ಪತ್ತು ವರ್ಷ ಅಥವಾ ಐವತ್ತು ವಯಸ್ಸಿನವರೆಗೆ ಎನ್ನುತ್ತದೆ. ಈಗ ಮೂವತ್ತರೊಳಗೆ ಪಡೆದವರಿಗೆ ನಲವತ್ತು ತುಂಬುವವರೆಗೆ ಮಾತ್ರ. ಅಪ್ರಾಪ್ತರ ಕೈಗೆ ಗಾಡಿ ಕೊಟ್ಟ ಪೋಷಕರಿಗೆ 25,000 ದಂಡ, ಮೂರು ವರ್ಷದವರೆಗೆ ಜೈಲು ಎನ್ನುವ ಸಂಗತಿಯ ಸುಳಿವೇ ಅದರಲ್ಲಿಲ್ಲ. ದಾಖಲೆಗಳ ಮೂಲ ಕಾಗದವೇ ಜೊತೆಗಿರಬೇಕು ಎಂದು ಬೇರೆ ಹೆದರಿಸುತ್ತದೆ. ಸರ್ಕಾರದ ಡಿಜಿಲಾಕರ್ ಆ್ಯಪ್‌ನಲ್ಲಿ ತೋರಿಸಿದರೂ ನಡೆಯುತ್ತದೆ ಎಂದು 2018ರಲ್ಲೇ ನಿಯಮ ತಿದ್ದಿಯಾಗಿದೆ.

ಹುಡುಗಿ ಫೇಲಾದಳು. "ಮಾವ, ಡಿಜಿಲಾಕರ್ ನನಗೆ ಗೊತ್ತಿಲ್ಲದ್ದೇನಲ್ಲ, ದಿನಾ ಉಪಯೋಗಿಸುತ್ತೇನೆ. ಆದರೆ ಸಮಯ ಓಡುತ್ತಿತ್ತು, ಕೈ ಹಳೆಯ ಉತ್ತರಕ್ಕೇ ಹೋಯಿತು" ಎಂದಳು. ನಿಜವಾದ ಪರೀಕ್ಷೆಯಲ್ಲಿ ಪ್ರತಿ ಪ್ರಶ್ನೆಗೂ ಕಾಲಮಿತಿ ಇದೆ. ಈ ತಂತ್ರಾಂಶದಲ್ಲಿ ಗಡಿಯಾರವೇ ಇಲ್ಲ, ಚಹಾ ಕುಡಿಯುತ್ತಾ ಉತ್ತರಿಸಬಹುದು.

ಹಣ ವಾಪಸ್ ಕೇಳಲು ಹೋದೆ. "ಕೆಂಪು ದೀಪಕ್ಕೆ ನಿಲ್ಲುವುದು ಬದಲಾಗಿದೆಯಾ ಅಣ್ಣ?" ಎಂದು ನನಗೇ ತಿರುಗಿ ಕೇಳಿದ ಮಹಾಶಯ. ಇಲ್ಲ, ಬದಲಾಗಿಲ್ಲ. ಅದೇ ತೊಂದರೆ. ಪೂರ್ತಿ ತಪ್ಪಾಗಿದ್ದರೆ ಮೊದಲ ದಿನವೇ ಎಸೆಯುತ್ತಿದ್ದಳು. ಬಹುಪಾಲು ಸರಿ ಇದ್ದುದರಿಂದಲೇ ಉಳಿದದ್ದನ್ನೂ ನಂಬಿದಳು. ಹಣವಂತೂ ಬರಲಿಲ್ಲ.

ನಿಮ್ಮ ಬಳಿ ಇಂಥದ್ದು ಆಗಲೇ ಇದ್ದರೆ ಕುಡಿತದ ದಂಡದ ಪ್ರಶ್ನೆಯನ್ನು ಮೊದಲು ಹುಡುಕಿ. 2,000 ಎಂದಿದ್ದರೆ ಅದು 2019ರ ಸೆಪ್ಟೆಂಬರ್‌ಗಿಂತ ಹಿಂದಿನದು, ಮುಂದೆ ಓದುವ ಅಗತ್ಯವಿಲ್ಲ. ಪರೀಕ್ಷೆಯ ವ್ಯಾಪ್ತಿ ನಿಯಮದಲ್ಲೇ ಇದೆ: ಸಂಚಾರ ಚಿಹ್ನೆ ಮತ್ತು ರಸ್ತೆ ನಿಯಮ, ಅಪಘಾತವಾದಾಗ ಚಾಲಕನ ಕರ್ತವ್ಯ, ಕಾವಲಿಲ್ಲದ ರೈಲ್ವೆ ಕ್ರಾಸಿಂಗ್‌ನಲ್ಲಿ ವಹಿಸಬೇಕಾದ ಎಚ್ಚರ, ಜೊತೆಗಿರಬೇಕಾದ ದಾಖಲೆಗಳು. ಅಭ್ಯಾಸ ಪರೀಕ್ಷೆ ಸಾರಿಗೆ ಇಲಾಖೆಯ ಸಾರಥಿ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತದೆ. ಎರಡನೆಯ ಸಲ ಅವಳು ಓದಿದ್ದು ಅದನ್ನೇ, ಪಾಸಾದದ್ದೂ ಅದರಿಂದಲೇ.

ಇನ್ನೊಂದು ಮಾತು. ಆಂಟಿವೈರಸ್ ಆಫ್ ಮಾಡಿದ್ದ ಅದೇ ಲ್ಯಾಪ್‌ಟಾಪ್‌ನಲ್ಲಿ ಅವಳು ಮರುಪರೀಕ್ಷೆಯ ಶುಲ್ಕ ಕಟ್ಟಲು ಕುಳಿತಿದ್ದಳು, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಹಾಕಿ. ಸದ್ಯ, ನಾನು ನೋಡಿ ತಡೆದೆ. ನೀವೂ ಹಾಕಿಕೊಂಡಿದ್ದರೆ ತಂತ್ರಾಂಶವನ್ನೂ ಆ ಪ್ಲೇಯರನ್ನೂ ತೆಗೆದುಹಾಕಿ, ಆಂಟಿವೈರಸ್ ಮತ್ತೆ ಆನ್ ಮಾಡಿ ಇಡೀ ಯಂತ್ರವನ್ನು ಸ್ಕ್ಯಾನ್ ಮಾಡಿ, ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ.